ಹಾಡು ಆರಿಸುವವರು ಯಾರು?

ಕನ್ನಡದಲ್ಲಿ ‘ಡಿಜೆ’ ಎಂಬ ಪದದ ಅರ್ಥ ಕಳೆದ ಎರಡು ದಶಕಗಳಲ್ಲಿ ಬದಲಾಗಿಹೋಗಿದೆ. ‘ಗಣೇಶ ವಿಸರ್ಜನೆ: ಡಿಜೆ ನಿಷೇಧ’ ಎಂಬ ಶೀರ್ಷಿಕೆಯನ್ನು ಓದಿದಾಗ ನಮ್ಮ ಕಣ್ಣ ಮುಂದೆ ಬರುವುದು ಒಬ್ಬ ಮನುಷ್ಯನಲ್ಲ, ಟ್ರ್ಯಾಕ್ಟರ್ ಮೇಲೆ ಪೇರಿಸಿದ ಧ್ವನಿವರ್ಧಕಗಳ ಗೋಡೆ. ‘ಮದುವೆಗೆ ಡಿಜೆ ಹಾಕಿಸಿದ್ದಾರೆ’ ಎಂದರೂ ಅದೇ ಅರ್ಥ. ಗ್ರಾಮಫೋನ್ ತಟ್ಟೆಗಳನ್ನು ಆರಿಸಿ, ಒಂದರ ಹಿಂದೆ ಇನ್ನೊಂದನ್ನು ಹದವರಿತು ನುಡಿಸುವ ವ್ಯಕ್ತಿಯನ್ನು ಸೂಚಿಸುತ್ತಿದ್ದ ‘ಡಿಸ್ಕ್ ಜಾಕಿ’ ನಮ್ಮಲ್ಲಿ ಯಂತ್ರದ ಹೆಸರಾಯಿತು. ಅದರ ಸೋದರ ಪದವಾದ ‘ಆರ್‌ಜೆ’ ಇನ್ನೂ ಮನುಷ್ಯರಿಗೇ ಅನ್ವಯಿಸುತ್ತದೆ ಎಂಬುದೇನೋ ನಿಜ. ಆದರೆ ಆತ ಮಾತನಾಡುತ್ತಾನೆ, ನಗಿಸುತ್ತಾನೆ, ಬಹುಮಾನ ಹಂಚುತ್ತಾನೆ. ಹಾಡನ್ನು ಆರಿಸುವುದು ಬಹುಮಟ್ಟಿಗೆ ಅವನ ಕೈಯಲ್ಲಿಲ್ಲ. ಹೀಗೆ ಒಂದು ಪದ ಪೆಟ್ಟಿಗೆಯ ಪಾಲಾಗಿ, ಇನ್ನೊಂದು ಮಾತಿನ ಪಾಲಾಗಿ, ಹಾಡು ಆರಿಸುವ ವ್ಯಕ್ತಿಗೆ ಕನ್ನಡದಲ್ಲಿ ಹೆಸರೇ ಇಲ್ಲದಂತಾಗಿದೆ. ಇದು ಬರಿಯ ಭಾಷೆಯ ವಿಚಾರವಲ್ಲ. ಆ ವೃತ್ತಿಯೇ ನಮ್ಮಲ್ಲಿ ಬೇರು ಬಿಡಲಿಲ್ಲ. ಬಿಡದಿರಲು ಸರ್ಕಾರದ ಎರಡು ಪರವಾನಗಿಗಳು ಮುಖ್ಯ ಕಾರಣ ಎಂಬುದು ನನ್ನ ವಾದ.

ಆ ವೃತ್ತಿ ಏನನ್ನು ಸಾಧಿಸಬಲ್ಲದು ಎಂಬುದನ್ನು ಮೊದಲು ನೋಡೋಣ. 1951ರಲ್ಲಿ ಅಮೆರಿಕದ ಕೈಗಾರಿಕಾ ನಗರವಾದ ಕ್ಲೀವ್‌ಲ್ಯಾಂಡಿನ ಒಂದು ಪ್ರಾದೇಶಿಕ ಬಾನುಲಿ ಕೇಂದ್ರದಲ್ಲಿ ಅಲನ್ ಫ್ರೀಡ್ ಎಂಬ ನಿರೂಪಕ ರಾತ್ರಿಯ ಹೊತ್ತು ಕರಿಯರ ನೃತ್ಯ ಸಂಗೀತವನ್ನು ಪ್ರಸಾರ ಮಾಡತೊಡಗಿದ. ಬಿಳಿಯರ ಕೇಂದ್ರಗಳು ಆ ಸಂಗೀತವನ್ನು ಮುಟ್ಟುತ್ತಿರದ ಕಾಲವದು. ಮರುವರ್ಷ ಮಾರ್ಚಿಯಲ್ಲಿ ಅವನು ನಗರದ ಕ್ರೀಡಾಂಗಣದಲ್ಲಿ ಏರ್ಪಡಿಸಿದ ನೃತ್ಯಕೂಟಕ್ಕೆ ಸ್ಥಳದ ಸಾಮರ್ಥ್ಯದ ಸುಮಾರು ಎರಡರಷ್ಟು ಜನ ನುಗ್ಗಿ, ಅಧಿಕಾರಿಗಳು ಕಾರ್ಯಕ್ರಮವನ್ನೇ ನಿಲ್ಲಿಸಬೇಕಾಯಿತು. ಪ್ರಪಂಚದ ಮೊದಲ ರಾಕ್ ಅಂಡ್ ರೋಲ್ ಕಾರ್ಯಕ್ರಮವೆಂದು ಇತಿಹಾಸಕಾರರು ಅದನ್ನೇ ಹೆಸರಿಸುವುದುಂಟು. ಬ್ರಿಟನ್ನಿನಲ್ಲಿ ಪೀಟ್ ಟಾಂಗ್ ಎಂಬ ನಿರೂಪಕ 1991ರಲ್ಲಿ ಬಿಬಿಸಿಯ ರೇಡಿಯೊ ಒನ್‌ನಲ್ಲಿ ನೃತ್ಯ ಸಂಗೀತದ ಕಾರ್ಯಕ್ರಮವನ್ನು ಆರಂಭಿಸಿ, ಮೂರು ದಶಕ ಮೀರಿ ಆ ಸಂಗೀತದ ಪರವಾಗಿ ದುಡಿದರು. ಕ್ಲಬ್ಬುಗಳ ಕತ್ತಲಲ್ಲಿದ್ದ ಸಂಗೀತಕ್ಕೆ ಸಾರ್ವಜನಿಕ ಮನ್ನಣೆ ದೊರೆಯುವಲ್ಲಿ ಅವರ ಪಾತ್ರ ದೊಡ್ಡದು. ಈ ಇಬ್ಬರೂ ಸ್ವತಃ ಸಂಗೀತಗಾರರೆಂದು ಹೆಸರಾದವರಲ್ಲ. ಇತರರು ಮಾಡಿದ್ದರಲ್ಲಿ ಯಾವುದು ಕೇಳತಕ್ಕದ್ದು ಎಂದು ಆರಿಸಿ, ಅದಕ್ಕೆ ತಮ್ಮ ಹೆಸರನ್ನು ಪಣವಾಗಿಟ್ಟವರು.

ನಮ್ಮಲ್ಲಿ ಇಂಥ ವ್ಯಕ್ತಿಗಳಿಗೆ ಬರವಿತ್ತು ಎನ್ನಲಾಗದು. 1952ರಲ್ಲಿ ಕೇಂದ್ರದ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಚಿತ್ರಗೀತೆಗಳೆಂದರೆ ಆಗುತ್ತಿರಲಿಲ್ಲ. ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಮರೆಯಾದವು. ಪರಿಣಾಮವೇನಾಯಿತು? ಕೇಳುಗರು ರೇಡಿಯೊದ ಮುಳ್ಳನ್ನು ಸಿಲೋನಿಗೆ ತಿರುಗಿಸಿದರು. ಅಲ್ಲಿಂದ ಅದೇ ವರ್ಷ ಆರಂಭವಾದ ಬಿನಾಕಾ ಗೀತಮಾಲಾ ಅಮೀನ್ ಸಯಾನಿ ಅವರನ್ನು ಮನೆಮಾತಾಗಿಸಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸುವ ಮೂಲಕ ಸರ್ಕಾರ ಜನರ ಅಭಿರುಚಿಗೆ ಮಣಿಯಿತು. ಅಭಿರುಚಿಯನ್ನು ಆದೇಶದಿಂದ ತಿದ್ದಲಾಗದು ಎಂಬ ಪಾಠ ಇದರಲ್ಲಿದೆ. ಆದರೆ ಈ ಪಾಠವನ್ನು ನಾವು ಅರ್ಧ ಮಾತ್ರ ಕಲಿತಂತೆ ಕಾಣುತ್ತದೆ. ಸಚಿವರ ಕೈಯಿಂದ ಬಿಡಿಸಿಕೊಂಡ ಆಯ್ಕೆಯನ್ನು ಲೆಕ್ಕಪತ್ರದ ಕೈಗೆ ಒಪ್ಪಿಸಿದೆವು.

ಖಾಸಗಿ ಬಾನುಲಿಯ ವಿಷಯದಲ್ಲಿ ಕರ್ನಾಟಕ ಎರಡು ಬಾರಿ ಮುಂಚೂಣಿಯಲ್ಲಿತ್ತು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಪ್ರಸಾರ ಕೇಂದ್ರವನ್ನು ತೆರೆದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ದೊರೆತದ್ದು ಆ ಕೇಂದ್ರದಿಂದ. ಅರವತ್ತಾರು ವರ್ಷಗಳ ನಂತರ, 2001ರ ಜುಲೈ 3ರಂದು, ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರವಾದ ರೇಡಿಯೊ ಸಿಟಿ ಬೆಂಗಳೂರಿನಲ್ಲಿ ಪ್ರಸಾರ ಆರಂಭಿಸಿತು. ಮುಂದಿನ ಕೆಲವು ವರ್ಷಗಳ ಕಾಲ ಊರಿನಲ್ಲಿದ್ದ ಖಾಸಗಿ ಕೇಂದ್ರ ಅದೊಂದೇ. ಆ ದಿನಗಳಲ್ಲಿ ಇಂಗ್ಲಿಷ್ ಮತ್ತು ಹಿಂದಿ ಹಾಡುಗಳ ಭರಾಟೆಯಲ್ಲಿ ಕನ್ನಡಕ್ಕೆ ಜಾಗ ಸಾಲದೆಂಬ ದೂರು ಸಕಾರಣವಾಗಿಯೇ ಕೇಳಿಬರುತ್ತಿತ್ತು. 2006ರಲ್ಲಿ ಹೊಸ ಕೇಂದ್ರಗಳು ಬಂದವು. ಅದೇ ವರ್ಷದ ಡಿಸೆಂಬರಿನಲ್ಲಿ ತೆರೆ ಕಂಡ ‘ಮುಂಗಾರು ಮಳೆ’ಯ ಹಾಡುಗಳು ಕನ್ನಡಕ್ಕೂ ದೊಡ್ಡ ಮಾರುಕಟ್ಟೆಯಿದೆ ಎಂಬುದನ್ನು ತೋರಿಸಿಕೊಟ್ಟವು. ನೋಡನೋಡುತ್ತಿದ್ದಂತೆ ಹಲವು ಕೇಂದ್ರಗಳು ಕನ್ನಡಕ್ಕೆ ಹೊರಳಿದವು. ಚಳವಳಿಯಿಂದ ಆಗದ ಕೆಲಸವನ್ನು ಜಾಹೀರಾತು ಮಾಡಿತು.

ಈ ಹೊಸ ಬಾನುಲಿಗೆ ನಿಷ್ಠಾವಂತ ಕೇಳುಗರು ದೊರೆತದ್ದು ನಗರದ ಅಂಚಿನಲ್ಲಿ. ಕೇಂದ್ರಗಳ ಕಚೇರಿಗಳು ಊರ ಮಧ್ಯದಲ್ಲಿದ್ದರೂ ಅವುಗಳ ನಿಜವಾದ ಸಭಾಂಗಣ ಹೊಸೂರು ರಸ್ತೆ, ತುಮಕೂರು ರಸ್ತೆ ಮತ್ತು ಹಳೆಯ ವಿಮಾನ ನಿಲ್ದಾಣದ ರಸ್ತೆಯ ವಾಹನದಟ್ಟಣೆಯಾಗಿತ್ತು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಕಂಪನಿ ಬಸ್ಸಿನಲ್ಲಿ, ವೈಟ್‌ಫೀಲ್ಡಿನ ರಾತ್ರಿಪಾಳಿಯ ಕ್ಯಾಬುಗಳಲ್ಲಿ ಚಾಲಕನ ಆಯ್ಕೆಯೇ ಎಲ್ಲರ ಆಯ್ಕೆ. ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಲೇತ್ ಯಂತ್ರದ ಪಕ್ಕದ ಗೂಟಕ್ಕೆ ತೂಗುಹಾಕಿದ ರೇಡಿಯೊಗಳನ್ನು ನಾನು ಕಂಡಿದ್ದೇನೆ. ಯಂತ್ರದ ಸದ್ದಿನಲ್ಲಿ ಸಾಹಿತ್ಯ ಕೇಳಿಸುತ್ತಿರಲಿಲ್ಲ, ತಾಳ ಮಾತ್ರ ಕೇಳಿಸುತ್ತಿತ್ತು. ದಿನಕ್ಕೆ ಎಂಟು ಗಂಟೆ ಯಂತ್ರದ ಲಯಕ್ಕೆ ಕೈಯಾಡಿಸುವವನು ಮನುಷ್ಯನ ಲಯವೊಂದನ್ನು ಬಯಸಿದರೆ ಅದು ಸಹಜವೇ. ನೃತ್ಯ ಸಂಗೀತಕ್ಕೆ ಹೇಳಿ ಮಾಡಿಸಿದ ಕೇಳುಗ ಸಮುದಾಯ ಇಲ್ಲಿತ್ತು.

ಅದಕ್ಕೆ ದನಿಯಾಗುವ ಪ್ರಯತ್ನಗಳೂ ನಡೆಯದೆ ಇರಲಿಲ್ಲ. ರೇಡಿಯೊದಲ್ಲಿ ಆರ್‌ಜೆಯಾಗಿಯೂ ಕ್ಲಬ್ಬುಗಳಲ್ಲಿ ಡಿಜೆಯಾಗಿಯೂ ಹೆಸರು ಮಾಡಿದ ರೋಹಿತ್ ಬಾರ್ಕರ್ ಅವರಂಥವರು ಎರಡೂ ಲೋಕಗಳನ್ನು ಬಲ್ಲವರಾಗಿದ್ದರು. 2006ರಲ್ಲಿ ಆರಂಭವಾದ ರೇಡಿಯೊ ಇಂಡಿಗೊ ಪಾಶ್ಚಾತ್ಯ ಸಂಗೀತವನ್ನೇ ನೆಚ್ಚಿಕೊಂಡು ನಗರದ ಇಂಗ್ಲಿಷ್ ಕೇಳುಗರನ್ನು ಗಳಿಸಿತು. ಆದರೆ ಇವೆಲ್ಲ ಇಂಗ್ಲಿಷಿನ ಆವರಣದೊಳಗೆ ನಡೆದವು. ಕನ್ನಡದ ಕುಣಿತದ ಹಾಡುಗಳಿಗಾಗಿ, ಅಂದರೆ ಚಿತ್ರಗೀತೆ, ಜಾನಪದ ತಾಳ ಮತ್ತು ಸ್ವತಂತ್ರ ಗಾಯಕರ ಹೊಸ ಪ್ರಯೋಗಗಳನ್ನು ಕೂಡಿಸಿ ವರ್ಷಗಟ್ಟಲೆ ವಾದಿಸುವ ಒಬ್ಬ ನಿರೂಪಕನನ್ನು ಈ ನಗರ ಬೆಳೆಸಲಿಲ್ಲ. ಪ್ರತಿಭೆಯ ಕೊರತೆಯಿಂದಲ್ಲ ಎಂಬುದಕ್ಕೆ ನಮ್ಮ ಆರ್‌ಜೆಗಳ ಮುಂದಿನ ಬದುಕೇ ಸಾಕ್ಷಿ. ಫೀವರ್ ಎಫ್‌ಎಂನಲ್ಲಿ ತಮಾಷೆಯ ಕರೆಗಳಿಂದ ಪ್ರಸಿದ್ಧರಾದ ದಾನಿಶ್ ಸೇಠ್ 2018ರಲ್ಲಿ ‘ಹಂಬಲ್ ಪೊಲಿಟಿಷಿಯನ್ ನೊಗ್ರಾಜ್’ ಚಿತ್ರದ ನಾಯಕರಾದರು. ಮಾತಿನ ಪ್ರತಿಭೆಗೆ ರೇಡಿಯೊ ಏಣಿಯಾಯಿತು. ಕಿವಿಯ ಪ್ರತಿಭೆಗೆ ಮಾತ್ರ ಅಂಥ ಏಣಿ ಸಿಗಲಿಲ್ಲ.

ಇದಕ್ಕೆ ಮೊದಲ ಕಾರಣ ತರಂಗದ ಪರವಾನಗಿ. ವಾಯುತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಸಾರಿತು. ಆ ಆಸ್ತಿಯನ್ನು ಸರ್ಕಾರ ನಿವೇಶನದಂತೆ ಹರಾಜು ಹಾಕಿತು. ಮೊದಲ ಹಂತದಲ್ಲಿ 40 ನಗರಗಳ 108 ತರಂಗಾಂತರಗಳನ್ನು ಹರಾಜಿಗಿಟ್ಟು, ಶುಲ್ಕ ಪ್ರತಿವರ್ಷ ಶೇ 15ರಷ್ಟು ಏರಬೇಕೆಂಬ ಷರತ್ತು ವಿಧಿಸಲಾಯಿತು. ಆದಾಯ ಬರಲಿ ಬಿಡಲಿ, ಶುಲ್ಕ ಏರುತ್ತಲೇ ಇರಬೇಕು. ಹೆಚ್ಚಿನ ಬಿಡ್ಡುದಾರರು ಕೈಚೆಲ್ಲಿದರು; ಪ್ರಸಾರ ಆರಂಭಿಸಿದ ಕೇಂದ್ರಗಳು ಇಪ್ಪತ್ತರ ಆಸುಪಾಸು. 2005ರ ಎರಡನೆಯ ಹಂತದಲ್ಲಿ ಒಟ್ಟು ಆದಾಯದ ಶೇ 4ರಷ್ಟು ವಾರ್ಷಿಕ ಶುಲ್ಕವೆಂಬ ವಿವೇಕದ ಸೂತ್ರ ಬಂತು. ಆದರೂ ಪ್ರವೇಶಕ್ಕೆ ತೆರಬೇಕಾದ ಹರಾಜು ಮೊತ್ತ ಹಾಗೆಯೇ ಉಳಿಯಿತು. 2015ರ ಹರಾಜಿನಲ್ಲಿ ಬೆಂಗಳೂರಿನ ಒಂದು ತರಂಗಾಂತರದ ಬೆಲೆ ನೂರು ಕೋಟಿ ರೂಪಾಯಿಯನ್ನು ದಾಟಿತು. ಇಷ್ಟು ಹಣ ಸುರಿದವನು ಯಾವ ಹಾಡಿನ ವಿಷಯದಲ್ಲಿಯೂ ಅಪಾಯಕ್ಕೆ ಕೈ ಹಾಕಲಾರ.

ಕೇಂದ್ರಗಳು ಹೆಚ್ಚಾದರೆ ವೈವಿಧ್ಯವೂ ಹೆಚ್ಚುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅರ್ಥಶಾಸ್ತ್ರಜ್ಞ ಪೀಟರ್ ಸ್ಟೈನರ್ 1952ರಲ್ಲೇ ಬಾನುಲಿಯನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನು ಪ್ರಶ್ನಿಸಿದರು. ಅವರ ತರ್ಕವನ್ನು ನಮ್ಮ ಊರಿಗೆ ಹೊಂದಿಸಿ ಹೀಗೆ ವಿವರಿಸಬಹುದು. ನೂರು ಕೇಳುಗರಿದ್ದಾರೆ ಎಂದುಕೊಳ್ಳೋಣ. 80 ಮಂದಿಗೆ ಜನಪ್ರಿಯ ಚಿತ್ರಗೀತೆ, 15 ಮಂದಿಗೆ ಹೊಸ ನೃತ್ಯ ಸಂಗೀತ, ಐವರಿಗೆ ಶಾಸ್ತ್ರೀಯ ಸಂಗೀತ ಬೇಕು. ಎರಡು ಕೇಂದ್ರಗಳಿದ್ದರೆ ಎರಡೂ ಚಿತ್ರಗೀತೆಯನ್ನೇ ಹಾಕಿ ತಲಾ 40 ಕೇಳುಗರನ್ನು ಪಡೆಯುತ್ತವೆ. ಐದು ಕೇಂದ್ರಗಳಾದರೂ ತಲಾ 16 ಸಿಗುವುದರಿಂದ ಐದೂ ಅದನ್ನೇ ಹಾಕುತ್ತವೆ. ಆರನೆಯ ಕೇಂದ್ರಕ್ಕೆ ಮಾತ್ರ ನೃತ್ಯ ಸಂಗೀತದ 15 ಕೇಳುಗರು ಲಾಭವೆನಿಸುತ್ತಾರೆ. ಶಾಸ್ತ್ರೀಯ ಸಂಗೀತದ ಸರದಿಯಂತೂ ಬರುವುದೇ ಇಲ್ಲ. ಚಿತ್ರಗೀತೆ ಹಾಕುವ ಹದಿನಾರನೆಯ ಕೇಂದ್ರಕ್ಕೂ ಐವರು ಕೇಳುಗರು ದೊರೆಯುತ್ತಾರೆ! ಇದಕ್ಕೆ ಪ್ರತಿಯಾಗಿ ಒಂದೇ ಸಂಸ್ಥೆಯ ಕೈಯಲ್ಲಿ ಮೂರು ಕೇಂದ್ರಗಳಿದ್ದರೆ, ತನ್ನ ಕೇಳುಗರನ್ನು ತಾನೇ ಕದಿಯುವುದರಲ್ಲಿ ಅರ್ಥವಿಲ್ಲವಾದ್ದರಿಂದ, ಅದು ಮೂರು ಬಗೆಯ ಸಂಗೀತವನ್ನೂ ಹಾಕುತ್ತದೆ. ಬೆಂಗಳೂರಿನಲ್ಲಿ ಶಾಸ್ತ್ರೀಯ ಸಂಗೀತಕ್ಕೆಂದೇ ‘ಅಮೃತವರ್ಷಿಣಿ’ಯನ್ನು ಆರಂಭಿಸಿದ್ದು ಖಾಸಗಿಯವರಲ್ಲ, ಹಲವು ವಾಹಿನಿಗಳ ಒಡೆತನವಿದ್ದ ಆಕಾಶವಾಣಿ ಎಂಬುದು ಈ ದೃಷ್ಟಿಯಿಂದ ಗಮನಾರ್ಹ.

ಈ ಲೆಕ್ಕಾಚಾರ ನಿರೂಪಕನ ಕೈಯನ್ನು ಹೇಗೆ ಕಟ್ಟಿತು ಎಂಬುದೂ ಸ್ಪಷ್ಟ. 2007ರಲ್ಲಿ ದೆಹಲಿ, ಮುಂಬೈಗಳ ಜೊತೆಗೆ ಬೆಂಗಳೂರಿನಲ್ಲಿಯೂ ಕೇಳುಗರ ದಿನಚರಿ ಆಧರಿಸಿದ ಶ್ರೋತೃ ಸಮೀಕ್ಷೆ ಆರಂಭವಾಯಿತು. ಈಗಾಗಲೇ ಗೆದ್ದ ಹಾಡು ಮತ್ತೆ ಗೆಲ್ಲುವ ಸಾಧ್ಯತೆ ಹೆಚ್ಚು; ಆದ್ದರಿಂದ ಹಾಡುಗಳ ಪಟ್ಟಿಯನ್ನು ಸಂಶೋಧನಾ ವಿಭಾಗ ಸಿದ್ಧಪಡಿಸುತ್ತದೆ, ಗಣಕಯಂತ್ರ ಜೋಡಿಸುತ್ತದೆ, ನಿರೂಪಕ ನಡುವಣ ಬಿಡುವನ್ನು ತುಂಬುತ್ತಾನೆ.

ಆಯ್ಕೆಯನ್ನು ವ್ಯಕ್ತಿಯ ಕೈಗೆ ಬಿಟ್ಟರೆ ಭ್ರಷ್ಟಾಚಾರಕ್ಕೆ ದಾರಿಯಾಗದೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಮೇಲೆ ಹೇಳಿದ ಅಲನ್ ಫ್ರೀಡನ ಪತನಕ್ಕೆ ಕಾರಣ ಅದೇ. ಹಾಡು ಹಾಕಲು ಧ್ವನಿಮುದ್ರಿಕೆ ಕಂಪನಿಗಳಿಂದ ಹಣ ಪಡೆಯುವ ‘ಪೆಯೋಲಾ’ ಹಗರಣದಲ್ಲಿ ಅವನು 1959ರಲ್ಲಿ ಕೆಲಸ ಕಳೆದುಕೊಂಡ, 1962ರಲ್ಲಿ ತಪ್ಪೊಪ್ಪಿಕೊಂಡ, 1965ರಲ್ಲಿ 43ನೆಯ ವಯಸ್ಸಿಗೆ ತೀರಿಕೊಂಡ. ಹಗರಣದ ನಂತರ ಅಮೆರಿಕದ ಕೇಂದ್ರಗಳು ಹಾಡಿನ ಆಯ್ಕೆಯನ್ನು ನಿರೂಪಕರಿಂದ ಕಿತ್ತುಕೊಂಡು ಕಾರ್ಯಕ್ರಮ ವ್ಯವಸ್ಥಾಪಕರಿಗೆ ವಹಿಸಿದವು. ಇದು ಸರ್ಕಾರಿ ಸೇವೆಯಲ್ಲಿದ್ದವರಿಗೆಲ್ಲ ಪರಿಚಿತವಾದ ಕಥೆ. ಒಬ್ಬ ಅಧಿಕಾರಿ ವಿವೇಚನಾಧಿಕಾರವನ್ನು ದುರುಪಯೋಗ ಮಾಡಿದರೆ ನಾವು ಎಲ್ಲರ ವಿವೇಚನಾಧಿಕಾರವನ್ನೂ ರದ್ದು ಮಾಡಿ ಸುತ್ತೋಲೆ ಹೊರಡಿಸುತ್ತೇವೆ. ಲಂಚ ಮೇಲಿನ ಹಂತಕ್ಕೆ ಸರಿಯುತ್ತದೆ. ಕೆಳಗಿನ ಹಂತದಲ್ಲಿದ್ದ ವಿವೇಕ ಮಾತ್ರ ಸಾಯುತ್ತದೆ. ವಿವೇಚನಾಧಿಕಾರಕ್ಕೆ ಮದ್ದು ಅದರ ರದ್ದತಿಯಲ್ಲ, ಅದರ ಬಹಿರಂಗತೆ. ಯಾರು ಆರಿಸಿದರು, ಏಕೆ ಆರಿಸಿದರು, ಯಾರಿಂದ ಏನು ಪಡೆದರು ಎಂಬುದು ತೆರೆದಿರಬೇಕು, ಅಷ್ಟೇ.

ಎರಡನೆಯ ಪರವಾನಗಿ ಕುಣಿತದ್ದು. ನೃತ್ಯ ಸಂಗೀತದ ನಿರೂಪಕನಿಗೆ ರೇಡಿಯೊ ಒಂದು ಕಾಲಾದರೆ ಕುಣಿಯುವ ಅಂಗಳ ಇನ್ನೊಂದು ಕಾಲು. ಶುಕ್ರವಾರ ಪ್ರಸಾರ ಮಾಡಿದ ಹಾಡು ಶನಿವಾರ ಅಂಗಳದಲ್ಲಿ ಪರೀಕ್ಷೆಗೆ ಒಳಗಾಗಬೇಕು. ಅಲ್ಲಿ ಜನ ಕುಣಿದ ಹಾಡು ಸೋಮವಾರ ಮತ್ತೆ ರೇಡಿಯೊಗೆ ಬರಬೇಕು. ಬೆಂಗಳೂರಿನಲ್ಲಿ ಈ ಎರಡನೆಯ ಕಾಲು ಕುಂಟಾಯಿತು. ಕರ್ನಾಟಕ ಪೊಲೀಸ್ ಕಾಯ್ದೆಯ ಅಡಿಯಲ್ಲಿ 2005ರಲ್ಲಿ ಹೊರಟ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಮತ್ತು ನಿಯಂತ್ರಣ ಆದೇಶ ಲೈವ್ ಬ್ಯಾಂಡ್, ಕ್ಯಾಬರೆ ಮತ್ತು ಡಿಸ್ಕೊತೆಕ್‌ಗಳನ್ನು ಒಂದೇ ಕಡತಕ್ಕೆ ಸೇರಿಸಿತು. 2008ರಲ್ಲಿ ಜಾರಿ ಬಿಗಿಯಾದಾಗ ಸಂಗೀತಗಾರರು ಪ್ರತಿಭಟಿಸಿದರು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಆದೇಶಕ್ಕೆ ಹಿನ್ನೆಲೆ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಲೈವ್ ಬ್ಯಾಂಡ್ ಹೆಸರಿನಲ್ಲಿ ಮಹಿಳೆಯರ ಶೋಷಣೆ ನಡೆಯುತ್ತಿದೆಯೆಂಬ ಆತಂಕವಿತ್ತು. ನೆರೆಹೊರೆಯವರ ನಿದ್ರೆಯ ಹಕ್ಕೂ ಹಕ್ಕೇ. ತೊಂದರೆಯಿರುವುದು ವರ್ಗೀಕರಣದಲ್ಲಿ. ಕುಣಿತವೆಂದರೆ ಮದ್ಯ, ಮದ್ಯವೆಂದರೆ ಪೊಲೀಸ್ ಎಂಬ ಸಮೀಕರಣದೊಳಗೆ ಸಿಲುಕಿದ ಕಲೆ ಬದುಕಿದರೂ ದುಬಾರಿ ಮದ್ಯಗೃಹಗಳಲ್ಲಿ ಮಾತ್ರ ಬದುಕುತ್ತದೆ. ಪೀಣ್ಯದ ವೆಲ್ಡರನಾಗಲಿ, ಬೊಮ್ಮಸಂದ್ರದ ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಗಳಾಗಲಿ ಅಲ್ಲಿಗೆ ಕಾಲಿಡಲಾರರು.

ಅವರಿಗೆ ಉಳಿದದ್ದು ಬೀದಿ. ಗಣೇಶನ ಮೆರವಣಿಗೆ, ಅಣ್ಣಮ್ಮ ದೇವಿಯ ಉತ್ಸವ, ನವೆಂಬರಿನ ರಾಜ್ಯೋತ್ಸವದ ಆರ್ಕೆಸ್ಟ್ರಾ: ವರ್ಷದಲ್ಲಿ ಬೆರಳೆಣಿಕೆಯ ಈ ರಾತ್ರಿಗಳಲ್ಲಿ ಇಡೀ ವರ್ಷದ ಕುಣಿತ ಮುಗಿಯಬೇಕು. ಸದ್ದು ಮಿತಿ ಮೀರುವುದು ಆಗಲೇ. ಸದ್ದಿನ ಬಗ್ಗೆ ನಮ್ಮಲ್ಲಿ ಕಾನೂನು ಇಲ್ಲದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿದರೆ ಕೈಗಾರಿಕಾ ಪ್ರದೇಶಕ್ಕೆ ಹಗಲು 75, ರಾತ್ರಿ 70ರವರೆಗೆ ಅವಕಾಶ ಕೊಡುತ್ತವೆ. ಅಂದರೆ ಊರಿನ ಇತರೆಡೆಗಿಂತ ಕೈಗಾರಿಕಾ ಪ್ರದೇಶದ ಮುಚ್ಚಿದ ಸಭಾಂಗಣವೊಂದರಲ್ಲಿ ಸಂಜೆಯ ನೃತ್ಯಕ್ಕೆ ಜಾಗ ಮಾಡಿಕೊಡುವುದು ಕಾನೂನಿನ ಪ್ರಕಾರವೂ ಸುಲಭ. ಆದರೆ ಎಲೆಕ್ಟ್ರಾನಿಕ್ ಸಿಟಿಯನ್ನು 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಯೋಜಿಸಿದಾಗಲಾಗಲಿ, ಪೀಣ್ಯದ ಹಂತಗಳು ಬೆಳೆದಾಗಲಾಗಲಿ, ವೈಟ್‌ಫೀಲ್ಡಿನಲ್ಲಿ 1990ರ ದಶಕದಲ್ಲಿ ಐಟಿಪಿಎಲ್ ತಲೆ ಎತ್ತಿದಾಗಲಾಗಲಿ, ವಿದ್ಯುತ್ತು, ನೀರು, ರಸ್ತೆಗಳ ಲೆಕ್ಕ ಹಾಕಿದ ನಾವು ಕೆಲಸ ಮುಗಿದ ಮೇಲೆ ಮನುಷ್ಯ ಏನು ಮಾಡುತ್ತಾನೆ ಎಂಬ ಪ್ರಶ್ನೆಯನ್ನು ಕಡತದಲ್ಲಿ ಬರೆಯಲಿಲ್ಲ. ಅದೇ ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ ಸಮುದಾಯದ ನೆಲೆಯಾಗಿ ಹುಟ್ಟಿದ ಊರು. ಕೂಡಿ ಕುಣಿಯುವುದನ್ನು ಕುಟುಂಬದ ಸಂಭ್ರಮವೆಂದೇ ಕಂಡ ಸಮುದಾಯವದು.

ಇಷ್ಟಕ್ಕೂ ನೃತ್ಯ ಸಂಗೀತಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೆ ಎಂದು ಕೆಲವರು ಕೇಳಿಯಾರು. ನನ್ನ ಉತ್ತರ ಹೀಗಿದೆ. ಈ ಹೊರವಲಯಗಳಲ್ಲಿ ಹಾಸನದವರು, ಕಲಬುರ್ಗಿಯವರು, ಒಡಿಶಾದವರು, ಬಿಹಾರದವರು ಒಂದೇ ಸಾಲು ಕೊಠಡಿಗಳಲ್ಲಿ ವಾಸಿಸುತ್ತಾರೆ. ಅವರ ನಡುವೆ ಭಾಷೆ ಇನ್ನೂ ಪೂರ್ತಿ ಹುಟ್ಟಿಲ್ಲ. ಕುಣಿತಕ್ಕೆ ಭಾಷಾಂತರ ಬೇಡ. ಕನ್ನಡದ ತಾಳಕ್ಕೆ ಹೆಜ್ಜೆ ಹಾಕಿದವನು ನಿಧಾನವಾಗಿ ಕನ್ನಡದ ಪದಕ್ಕೂ ಕಿವಿಗೊಡುತ್ತಾನೆ. ಡೊಳ್ಳು, ತಮಟೆ, ಕಂಸಾಳೆ, ನಂದಿಧ್ವಜಗಳ ನಾಡಿಗೆ ತಾಳದ ಬಡತನವಿಲ್ಲ. ಅವುಗಳನ್ನು ಆಕಾಶವಾಣಿಯ ಜಾನಪದ ಸಂಗೀತದ ಅರ್ಧ ಗಂಟೆಗೆ ಸೀಮಿತಗೊಳಿಸದೆ, ಇಂದಿನ ಸಂಗೀತದ ಪಕ್ಕದಲ್ಲಿಟ್ಟು ‘ಇದೂ ನೃತ್ಯ ಸಂಗೀತವೇ, ಕೇಳಿ’ ಎನ್ನುವವರು ಬೇಕು. ಹೆಂಡ ಮತ್ತು ಹೆಣ್ಣಿನ ಹಗುರ ಮಾತೇ ಬಂಡವಾಳವಾದ ಹಾಡುಗಳನ್ನು ಬದಿಗಿಡುವ ಧೈರ್ಯವೂ ಹಾಗೆ ಆರಿಸುವವರಿಗೇ ಬರಬೇಕು; ಪಟ್ಟಿಗೆ ಆ ಧೈರ್ಯವಿರುವುದಿಲ್ಲ.

ಈ ಕೆಲಸವನ್ನು ಈಗ ಅಂತರ್ಜಾಲ ಮಾಡುತ್ತಿಲ್ಲವೇ? ಭಾಗಶಃ ಮಾಡುತ್ತಿದೆ. ಆಲ್ ಓಕೆ, ಚಂದನ್ ಶೆಟ್ಟಿ ಅವರಂಥ ಕನ್ನಡದ ರ‍್ಯಾಪ್ ಗಾಯಕರು ಜನರನ್ನು ತಲುಪಿದ್ದು ಮುಖ್ಯವಾಗಿ ಯೂಟ್ಯೂಬಿನ ಮೂಲಕ. ಮೆಟ್ರೊ 2014ರಲ್ಲಿ ಪೀಣ್ಯಕ್ಕೆ, 2023ರಲ್ಲಿ ವೈಟ್‌ಫೀಲ್ಡಿಗೆ, 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬಂದಿತು. ಬಸ್ಸಿನಲ್ಲಿ ಎಲ್ಲರೂ ಒಂದೇ ಹಾಡು ಕೇಳುತ್ತಿದ್ದರು. ಮೆಟ್ರೊದಲ್ಲಿ ಪ್ರತಿಯೊಬ್ಬರ ಕಿವಿಯಲ್ಲಿ ಒಂದೊಂದು ಹಾಡು. ಆಯ್ಕೆ ಹೆಚ್ಚಿದೆ ನಿಜ. ಆದರೆ ಮೊಬೈಲಿನ ಗಣಿತ ಪ್ರತಿಯೊಬ್ಬನಿಗೂ ಅವನು ನಿನ್ನೆ ಕೇಳಿದ್ದನ್ನೇ ಹೋಲುವ ಹಾಡನ್ನು ಕೊಡುತ್ತದೆ. ಬಿಹಾರದ ಹುಡುಗನಿಗೆ ಭೋಜಪುರಿ, ತಂತ್ರಜ್ಞನಿಗೆ ಇಂಗ್ಲಿಷ್, ಮಂಡ್ಯದವನಿಗೆ ಕನ್ನಡ. ಒಬ್ಬರ ಹಾಡು ಇನ್ನೊಬ್ಬರ ಕಿವಿಗೆ ಬೀಳುವುದೇ ಇಲ್ಲ. ರೇಡಿಯೊ ಒಬ್ಬರಿಗಲ್ಲ, ಒಟ್ಟಿಗೆ ಎಲ್ಲರಿಗೂ ಕೇಳಿಸುವ ಮಾಧ್ಯಮ. ಮೊಬೈಲ್ ಫೋನುಗಳಲ್ಲಿ ಎಫ್‌ಎಂ ಸೌಲಭ್ಯವನ್ನು ಕಡಿತಗೊಳಿಸಬಾರದೆಂದು 2023ರಲ್ಲಿ ಕೇಂದ್ರ ಸರ್ಕಾರ ತಯಾರಕರಿಗೆ ಸೂಚಿಸಿತು. ಸೂಚನೆ ಸರಿಯಾದದ್ದೇ. ಆದರೆ ಕೇಳಲು ಯೋಗ್ಯವಾದದ್ದು ಇದ್ದರಲ್ಲವೇ ಸೌಲಭ್ಯದ ಮಾತು?

ಮಾಡಬೇಕಾದದ್ದು ಬಹಳವೇನಿಲ್ಲ. ಆಕಾಶವಾಣಿಯ ಎಫ್‌ಎಂ ರೇನ್‌ಬೋ ಕನ್ನಡ ಕಾಮನಬಿಲ್ಲು ವಾರಕ್ಕೆರಡು ರಾತ್ರಿ, ಎರಡೆರಡು ಗಂಟೆಗಳನ್ನು ಕನ್ನಡದ ನೃತ್ಯ ಸಂಗೀತಕ್ಕೆ ಮೀಸಲಿಡಲಿ. ಒಬ್ಬ ನಿರೂಪಕನಿಗೆ ಮೂರು ವರ್ಷ ಅವಕಾಶ ಕೊಟ್ಟು, ಹಾಡಿನ ಆಯ್ಕೆಯನ್ನು ಸಂಪೂರ್ಣವಾಗಿ ಅವನಿಗೇ ಬಿಡಲಿ. ಅಭಿರುಚಿ ಬೆಳೆಯಲು ಅಷ್ಟು ಕಾಲವಾದರೂ ಬೇಕು. ಖಾಸಗಿ ಕೇಂದ್ರಗಳು ಪರವಾನಗಿ ನವೀಕರಿಸುವಾಗ ದಿನಕ್ಕೆ ಒಂದು ಗಂಟೆ ‘ನಿರೂಪಕನ ಆಯ್ಕೆ’ ಎಂಬ ಷರತ್ತಿಗೆ ಒಪ್ಪಿದರೆ ಶುಲ್ಕದಲ್ಲಿ ಅಲ್ಪ ರಿಯಾಯಿತಿ ಸಿಗಲಿ. ಆ ಗಂಟೆಯ ಹಾಡುಗಳ ಪಟ್ಟಿ ಮತ್ತು ಪಡೆದ ಉಡುಗೊರೆಗಳ ವಿವರ ಪ್ರಕಟವಾಗಲಿ. 2006ರ ಸಮುದಾಯ ಬಾನುಲಿ ನೀತಿ ಶಿಕ್ಷಣ ಸಂಸ್ಥೆಗಳಿಗೂ ಸ್ವಯಂಸೇವಾ ಸಂಸ್ಥೆಗಳಿಗೂ ಹರಾಜಿಲ್ಲದೆ ತರಂಗಾಂತರ ಕೊಡುತ್ತದೆ. ನೂರು ವಾಟಿನ ಪುಟ್ಟ ಪ್ರಸಾರಕ ಪೀಣ್ಯದಂಥ ಪ್ರದೇಶಕ್ಕೆ ಧಾರಾಳವಾಯಿತು. ಕೊನೆಯದಾಗಿ, ಮದ್ಯ ಮಾರದ ಸ್ಥಳದಲ್ಲಿ, ಶಬ್ದದ ಮಿತಿಯೊಳಗೆ, ಹತ್ತು ಗಂಟೆಗೆ ಮುನ್ನ ಮುಗಿಯುವ ನೃತ್ಯಕ್ಕೆ ಪೊಲೀಸ್ ಪರವಾನಗಿಯ ಬದಲು ಒಂದು ತಿಳಿವಳಿಕೆ ಪತ್ರ ಸಾಕೆಂದು ಸರ್ಕಾರ ಘೋಷಿಸಲಿ. ಇದಕ್ಕೆ ಬೊಕ್ಕಸದಿಂದ ಖರ್ಚಿಲ್ಲ.

ಸಂಗೀತದ ವಿಷಯದಲ್ಲಿ ಒಳ್ಳೆಯ ಆಡಳಿತವೆಂದರೆ ಯಾವ ಹಾಡು ಬೇಕೆಂದು ಸರ್ಕಾರ ಹೇಳುವುದಲ್ಲ. ಹಾಡು ಆರಿಸಬಲ್ಲ ಮನುಷ್ಯನಿಗೆ ಒಂದು ಗಂಟೆಯ ತರಂಗವನ್ನೂ, ಅವನ ಹಾಡಿಗೆ ಕುಣಿಯಬಲ್ಲ ಜನರಿಗೆ ನಾಲ್ಕು ಅಡಿ ನೆಲವನ್ನೂ ಬಿಟ್ಟುಕೊಡುವುದು. ನಗರವನ್ನು ಕಟ್ಟುವ ಕೈಗಳಿಗೆ ವರ್ಷಕ್ಕೊಂದು ಮೆರವಣಿಗೆಯನ್ನಷ್ಟೇ ಕೊಟ್ಟು, ಆ ಒಂದು ರಾತ್ರಿ ಸದ್ದು ಹೆಚ್ಚಾಯಿತೆಂದು ಗೊಣಗುವುದು ನ್ಯಾಯವಲ್ಲ. ‘ಡಿಜೆ’ ಎಂಬ ಪದ ಮತ್ತೆ ಒಬ್ಬ ಮನುಷ್ಯನ ಹೆಸರಾಗುವ ದಿನ ನಮ್ಮ ಮೆರವಣಿಗೆಗಳ ಸದ್ದೂ ತಾನಾಗಿ ತಗ್ಗೀತು.